ಸಾಸಿವೆ ಡಾಕ್ಟರ ಗೇಣುದ್ದದ ತೂತು

ದಿನವಿಡೀ ತೂತು ಕೊರೆದೇ ಹೊಟ್ಟೆ ಹೊರೆಯುವ ಮನುಷ್ಯನಿಗೆ "ನಿಮಗೆ ತೂತು ಕೊರೆಯೋಕೆ ಬರಲ್ಲ" ಎಂದರೆ ಹೇಗಾಗಬೇಡ? ಬೇರೆ ಯಾರಾದರೂ ಹಾಗೆ ಅಂದಿದ್ದರೆ ನಮ್ಮ ಹಲ್ಲಿನ ಡಾಕ್ಟರು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟುಬಿಡುತ್ತಿದ್ದರು. ಆದರೆ ಅಂದವರು ಸಾಕ್ಷಾತ್ ಹೆಣ್ಣು ಕೊಟ್ಟ ಮಾವ. ಮಾವನ ಚುಚ್ಚುಮಾತನ್ನು ಮರೆತ ಅಳಿಯ ಈ ಭೂಮಂಡಲದಲ್ಲಿ ಇನ್ನೂ ಹುಟ್ಟಬೇಕಷ್ಟೆ.

"ಅಳಿಯಂದಿರೇ, ನೀವು ಕೊರೆಯೋದು ಒಂದು ಸಾಸಿವೆ ಕಾಳು ಹಿಡಿಯೋವಷ್ಟು ತೂತು. ಅದಕ್ಕೆ ಇಷ್ಟು ದೊಡ್ಡ ಕುರ್ಚಿ, ಇಷ್ಟು ದೊಡ್ಡ ದೀಪ, ಹೊರಗೆ ಇನ್ನೂ ದೊಡ್ಡ ಬೋರ್ಡು!" ಎಂದು ಮದುವೆಯಾದ ಹೊಸದರಲ್ಲಿ ಮಾವ ನಕ್ಕಿದ್ದರು. ಅಂದಿನಿಂದ ಹೆಂಡತಿಯ ತವರಿನಲ್ಲಿ ಡಾಕ್ಟರ ಹೆಸರು 'ಸಾಸಿವೆ ಡಾಕ್ಟ್ರು' ಎಂದೇ ಆಯಿತು.

ಮಾವನಿಗೂ ಒಂದು ಅಡ್ಡಹೆಸರಿತ್ತು, 'ಜನರಲ್'. (ಅವರು ಸೈನ್ಯದಲ್ಲಿದ್ದವರಲ್ಲ, ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಗೋಣಿಚೀಲಗಳನ್ನು ಎಣಿಸಿ ನಿವೃತ್ತರಾದವರು.) ಆ ಪದವಿಯನ್ನು ಅವರಿಗೆ ದಯಪಾಲಿಸಿದ್ದು ಮೂರು ವಸ್ತುಗಳು: ಒಂದು ಪೊದೆಮೀಸೆ, ಗೋಡೆ ನಡುಗಿಸುವ ಗಂಟಲು ಮತ್ತು ಅವರ ಅಪ್ಪನ ಕಾಲದ ಒಂದು ಬಂದೂಕು. ಬಂದೂಕು ಯಾವ ಪ್ರಾಣಿಯನ್ನೂ ಹೆದರಿಸಿದ್ದಲ್ಲ. ವರ್ಷಕ್ಕೊಮ್ಮೆ ಗುರಿಕಾರರ ಕ್ಲಬ್ಬಿನ ಸ್ಪರ್ಧೆಯಲ್ಲಿ ಕಾಗದದ ವೃತ್ತಗಳಿಗೆ ಗುರಿಯಿಡುವುದಷ್ಟೇ ಅದರ ಕೆಲಸ. ಪ್ರತಿ ವರ್ಷವೂ ಜನರಲ್ ಎರಡನೇ ಬಹುಮಾನ ತಂದು, "ಮುಂದಿನ ಸಲ ಗೆದ್ದೇ ಗೆಲ್ತೀನಿ" ಎಂದು ಮೀಸೆ ತಿರುವುತ್ತಿದ್ದರು.

ಇಷ್ಟು ದೊಡ್ಡ ಮನುಷ್ಯನಿಗೆ ಒಂದು ಸಣ್ಣ ಚಪಲವಿತ್ತು: ಪೆಪ್ಪರ್‌ಮಿಂಟ್. ಉಳಿದಿರುವ ಹಲ್ಲುಗಳನ್ನಾದರೂ ಉಳಿಸಬೇಕೆಂದು ಅಳಿಯ ಅದನ್ನು ಕಟ್ಟುನಿಟ್ಟಾಗಿ ನಿಷೇಧಿಸಿದ್ದರು. ನಿಷೇಧವನ್ನು ಜಾರಿಗೆ ತಂದವಳು ಮಗಳು. ಜನರಲ್ ಮನೆಯೊಳಗೆ ಕಾಲಿಟ್ಟೊಡನೆ ಬಾಗಿಲಲ್ಲೇ ಅವರ ಅಂಗಿ, ಕೋಟು, ಚೀಲಗಳ ತಪಾಸಣೆ ನಡೆಯುತ್ತಿತ್ತು. ಜನರಲ್ ಕೈ ಮೇಲೆತ್ತಿ ನಿಲ್ಲುತ್ತಿದ್ದ ಏಕೈಕ ಸಂದರ್ಭ ಅದು.

ಈ ವರ್ಷದ ಸ್ಪರ್ಧೆಗೆ ಒಂದು ವಾರ ಮುಂಚೆ ಜನರಲ್ ತಮ್ಮ ಮನೆಗೆ ಬಣ್ಣ ಹೊಡೆಸಲು ಶುರುಮಾಡಿದರು. ಬಂದೂಕಿಗೆ ಬಣ್ಣ ಸಿಡಿದೀತೆಂದು ಅದನ್ನು ಹಸಿರು ಬಟ್ಟೆಯ ಚೀಲದಲ್ಲಿ ಸುತ್ತಿ ಮಗಳ ಮನೆಗೆ ತಂದರು. (ಗುಂಡುಗಳು ಕ್ಲಬ್ಬಿನ ಕಪಾಟಿನಲ್ಲೇ ಇರುವುದು ಪದ್ಧತಿ, ಆದ್ದರಿಂದ ಓದುಗರು ಗಾಬರಿಯಾಗಬೇಕಿಲ್ಲ.) "ಭಾನುವಾರ ಬೆಳಿಗ್ಗೆ ಬಂದು ತಗೊಂಡು ಹೋಗ್ತೀನಿ. ಮಗು ಥರ ನೋಡ್ಕೊಳ್ಳಿ" ಎಂದು ಹೇಳಿ, ಅದನ್ನು ಸೋಫಾದ ಮೇಲೆ ಮಲಗಿಸಿ, ತಮ್ಮ ತಂಗಿಯ ಊರಿಗೆ ಹೊರಟುಹೋದರು.

ಡಾಕ್ಟರು ಆಗ ಮುಂದಿನ ಕೋಣೆಯ ಕ್ಲಿನಿಕ್ಕಿನಲ್ಲಿ ಹಟಮಾರಿ ದವಡೆಹಲ್ಲೊಂದರ ಜೊತೆ ಕುಸ್ತಿ ಆಡುತ್ತಿದ್ದರು. ಹಲ್ಲು ಸೋತಿತು, ಡಾಕ್ಟರು ಸುಸ್ತಾದರು. ಒಳಗೆ ಬಂದವರೇ ಕಣ್ಣುಮುಚ್ಚಿಕೊಂಡು ಸೋಫಾದ ಮೇಲೆ ಧೊಪ್ಪೆಂದು ಕುಕ್ಕರಿಸಿದರು.

'ಕಟಕ್' ಎಂದಿತು. ಹಿಂದೆಯೇ 'ಠಣ್' ಎಂದಿತು.

ತಮ್ಮ ಬೆನ್ನೆಲುಬಿನ ಕಥೆ ಮುಗಿಯಿತೆಂದೇ ಡಾಕ್ಟರು ತಿಳಿದರು. ತಡವಿ ನೋಡಿಕೊಂಡರೆ ಅದು ಇದ್ದಲ್ಲೇ ಇತ್ತು. ಎದ್ದು ಹಸಿರು ಚೀಲ ಬಿಚ್ಚಿದರೆ ಬಂದೂಕಿನ ಮರದ ಹಿಡಿ ಕೊರಳಿನ ಹತ್ತಿರ ಎರಡು ತುಂಡಾಗಿತ್ತು. ಹೆಗಲಿಗೆ ಆನಿಸಿಕೊಳ್ಳುವ ಅಗಲವಾದ ಬುಡ ಒಂದು ಕಡೆ, ಕಬ್ಬಿಣದ ನಳಿಗೆ ಇನ್ನೊಂದು ಕಡೆ. ಕಾಲ ಬುಡದಲ್ಲಿ ಗೇಣುದ್ದದ ಒಂದು ಕಬ್ಬಿಣದ ಬೋಲ್ಟು ಉರುಳಾಡುತ್ತಿತ್ತು.

"ಏನ್ರೀ ಅದು ಸದ್ದು?" ಎನ್ನುತ್ತಾ ಹೆಂಡತಿ ಅಡುಗೆಮನೆಯಿಂದ ಬಂದಳು.

"ಏನಿಲ್ಲ ಕಣೇ, ನಿಮ್ಮಪ್ಪನ ಗೌರವ ಸ್ವಲ್ಪ ಮುರೀತು."

"ಅಯ್ಯೋ ನಿಮ್ಮ! ಕೂತ್ಕೊಳ್ಳೋವಾಗ ನೋಡಿ ಕೂತ್ಕೋಬಾರ್ದಾ?"

"ಹಿಂದುಗಡೇನೂ ಕಣ್ಣಿರೋ ಗಂಡು ಬೇಕಿದ್ರೆ ನಿಮ್ಮಪ್ಪ ಆಗಲೇ ಹುಡುಕಬೇಕಿತ್ತು."

ಇಬ್ಬರೂ ಬಂದೂಕು ರಿಪೇರಿಯವನ ಅಂಗಡಿಗೆ ಓಡಿದರು. ಊರಿಗೆಲ್ಲ ಇದ್ದವನು ಅವನೊಬ್ಬನೇ. ಅಂಗಡಿಗೆ ಬೀಗ ಬಿದ್ದಿತ್ತು. ಅವನು ಮಗಳ ಬಾಣಂತನಕ್ಕೆ ಹೆಂಡತಿಯನ್ನು ಬಿಟ್ಟುಬರಲು ಹೋಗಿ, ಮೊಮ್ಮಗನ ಮುಖ ನೋಡಿ ಅಲ್ಲೇ ಕರಗಿ ಕೂತಿದ್ದಾನೆಂದು ಪಕ್ಕದ ಅಂಗಡಿಯವನು ಹೇಳಿದ.

"ಅಪ್ಪಂಗೆ ನಿಜ ಹೇಳಿಬಿಡೋಣ ರೀ. ಬೈತಾರೆ, ಆಮೇಲೆ ತಣ್ಣಗಾಗ್ತಾರೆ" ಎಂದಳು ಹೆಂಡತಿ.

"ಹೇಳೋದಾ? ಇಷ್ಟು ದಿನ ಸಾಸಿವೆ ಡಾಕ್ಟ್ರು. ನಾಳೆಯಿಂದ ಮುರುಕು ಡಾಕ್ಟ್ರು! ಸಾಧ್ಯವೇ ಇಲ್ಲ. ಹೊಸ ಹಿಡೀನ ನಾನೇ ಮಾಡ್ತೀನಿ. ಭಾನುವಾರ ನಿಮ್ಮಪ್ಪ ಅದನ್ನ ಹೆಗಲಿಗಿಟ್ಟುಕೊಂಡು ಗೆದ್ದು ಬರಬೇಕು. ಆಮೇಲೆ ನೋಡೋಣ, ಯಾರು ಸಾಸಿವೆ ಅಂತ."

"ನೀವಾ? ಗಡಿಯಾರಕ್ಕೆ ಮೊಳೆ ಹೊಡೆಯೋಕೆ ಹೋಗಿ ನೀರಿನ ಪೈಪು ಒಡೆದವರು ನೀವೇ ತಾನೇ?"

"ಅದು ಗೋಡೆ ತಪ್ಪು."

ಮುಂದೆ ನಡೆದದ್ದನ್ನು ನೋಡಿದರೆ ಡಾಕ್ಟರನ್ನು ಮೆಚ್ಚಲೇಬೇಕು. ಬಡಗಿಯ ಹತ್ತಿರ ಚೆನ್ನಾಗಿ ಒಣಗಿದ ಅಕ್ರೋಟು ಮರದ ತುಂಡು ಸಿಕ್ಕಿತು, ಹಳೇ ಹಿಡಿಗಿಂತ ಎರಡು ಬೆರಳು ಗಿಡ್ಡವಾದದ್ದು. ಬಡಗಿ ಹಳೇ ಹಿಡಿಯ ತುಂಡುಗಳನ್ನು ಅದರ ಮೇಲಿಟ್ಟು ಗೆರೆ ಎಳೆದು, ಒರಟಾಗಿ ಗರಗಸ ಹಾಕಿಕೊಟ್ಟು, "ಮಿಕ್ಕಿದ್ದು ನನಗೆ ಬೇಡ ಡಾಕ್ಟ್ರೇ, ಬಂದೂಕಿನ ಸಹವಾಸ ನನ್ನ ಹೆಂಡತಿಗೆ ಆಗಲ್ಲ" ಎಂದು ಕೈತೊಳೆದುಕೊಂಡ. ಮಿಕ್ಕಿದ್ದನ್ನು ಡಾಕ್ಟರು ಹಲ್ಲು ಉಜ್ಜುವ, ಕೆರೆಯುವ, ನುಣುಪು ಮಾಡುವ ತಮ್ಮ ಸಮಸ್ತ ಆಯುಧಗಳಿಂದ ಕೆತ್ತಿದರು. ಇಲ್ಲದ ಹಲ್ಲನ್ನು ಇದ್ದ ಹಲ್ಲಿನಂತೆ ಕೂರಿಸುವ ಕೈ ಅದು. ಕಬ್ಬಿಣದ ಭಾಗ ಮರದೊಳಗೆ ಎಲ್ಲಿ ತಾಗುತ್ತಿದೆ ಎಂದು ತಿಳಿಯಲು, ರೋಗಿಗಳ ಬಾಯಲ್ಲಿಟ್ಟು "ಕಚ್ಚಿ" ಎನ್ನುವ ನೀಲಿ ಕಾಗದವನ್ನೇ ಬಳಸಿದರು. ನೀಲಿ ಮೆತ್ತಿದಲ್ಲಿ ಕೆರೆಯುವುದು, ಮತ್ತೆ ಕೂರಿಸುವುದು. ಹಿಡಿ ಎಷ್ಟು ಸೊಗಸಾಗಿ ಬಂತೆಂದರೆ ಹೆಂಡತಿ ಅದನ್ನು ಕೆನ್ನೆಗೆ ಒತ್ತಿಕೊಂಡು, "ಪರವಾಗಿಲ್ಲ ರೀ!" ಎಂದಳು. (ಆ ಮನೆಯಲ್ಲಿ 'ಪರವಾಗಿಲ್ಲ' ಎಂಬುದು ಅತ್ಯುನ್ನತ ಪ್ರಶಸ್ತಿ; ಮದುವೆಯ ಫೋಟೋಗೂ ಅದು ಸಿಕ್ಕಿರಲಿಲ್ಲ.)

ಡಾಕ್ಟರು ಗತ್ತಿನಿಂದ ಬೋಲ್ಟನ್ನು ಎತ್ತಿ ಹಿಡಿದರು. "ಇನ್ನು ಉಳಿದಿರೋದು ಇದೊಂದೇ. ಇದು ಹಿಡಿಯ ಬುಡದಿಂದ ಒಳಗೆ ಹೋಗಿ, ಮರದ ಹೊಟ್ಟೇನೆಲ್ಲ ದಾಟಿ, ಕೊರಳಲ್ಲಿ ಹಾದು, ಆ ಕಡೆ ಕಬ್ಬಿಣವನ್ನ ಗಬಕ್ಕನೆ ಕಚ್ಚಿ ಹಿಡಿಯುತ್ತೆ. ಅದಕ್ಕೆ ಗೇಣುದ್ದ ಒಂದು ತೂತು ಬೇಕು. ತೂತು ತಾನೇ, ನಮ್ಮ ಮನೇ ಕಸುಬು."

ಹೆಂಡತಿ ಹಳೇ ಹಿಡಿಯ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದರಲ್ಲಿ ಅಂಥ ತೂತೇ ಕಾಣ್ತಿಲ್ವಲ್ಲ ರೀ? ಮುರಿದ ಜಾಗದಲ್ಲೂ ಮರಾನೇ ಇದೆ."

ಡಾಕ್ಟರು ಅನುಕಂಪದಿಂದ ನಕ್ಕರು. "ವಯಸ್ಸಾದವರ ಹಲ್ಲನ್ನ ಕೊರೆದು ನೋಡಿದೀಯಾ? ನರ ಓಡಾಡೋ ನಾಳ ಇರುತ್ತಲ್ಲ, ಅದು ವರ್ಷ ಹೋದ ಹಾಗೆ ಕಿರಿದಾಗಿ ಕಿರಿದಾಗಿ ಮುಚ್ಚೇಹೋಗುತ್ತೆ. ಇದು ನಿಮ್ಮ ತಾತನ ಕಾಲದ ಮರ. ಇದರ ನಾಳ ಮುಚ್ಚಿಹೋಗಿದೆ, ಅಷ್ಟೇ. ಅದಕ್ಕೇ ಬೋಲ್ಟು ಹೊರಗೆ ಬಿದ್ದಿದ್ದು."

"ಮತ್ತೆ ಕೊರಳ ಹತ್ರ ಮೇಲೊಂದು ಕೆಳಗೊಂದು ತಿರುಪು ಇದೆಯಲ್ಲ?"

"ಅವು ಅಲಂಕಾರಕ್ಕೆ."

ಹಲ್ಲಿನ ವಿಷಯ ಬಂದರೆ ಎದುರಾಡುವ ಹಾಗಿರಲಿಲ್ಲ. ಹೆಂಡತಿ ತುಂಡನ್ನು ಕೆಳಗಿಟ್ಟಳು.

ಹಾರ್ಡ್‌ವೇರ್ ಅಂಗಡಿಯವನಿಗೆ ಡಾಕ್ಟರು ಎರಡೂ ಕೈ ಅಗಲಿಸಿ ಉದ್ದ ತೋರಿಸಿದರು. ಅವನು ಇದ್ದಬದ್ದ ಡ್ರಿಲ್ ಬಿಟ್ಟುಗಳನ್ನೆಲ್ಲ ಮೇಜಿನ ಮೇಲೆ ಸುರಿದ. ಎಲ್ಲಕ್ಕಿಂತ ಉದ್ದನೆಯದು ನಡುಬೆರಳಿಗಿಂತ ಸ್ವಲ್ಪ ಉದ್ದ.

"ಇನ್ನೂ ಉದ್ದ ಬೇಕು" ಎಂದರು ಡಾಕ್ಟರು.

"ಯಾವ ಗೋಡೆಗೆ ಡಾಕ್ಟ್ರೇ? ಪಕ್ಕದ ಮನೆಯವರ ಟೀವಿ ನೋಡ್ಬೇಕಾ?"

"ಗೋಡೆಗಲ್ಲ. ಮರಕ್ಕೆ. ಗೇಣುದ್ದ."

"ಗೋಡೆಗಾದ್ರೆ ಉದ್ದ ಇರೋದು ತರಿಸಿಕೊಡ್ತೀನಿ. ಅದನ್ನ ಮರಕ್ಕೆ ಹಾಕಿದ್ರೆ ಮರ ಸುಡುತ್ತೆ, ತೂತು ಆಗಲ್ಲ." ಅಂಗಡಿಯವನು ಡಾಕ್ಟರ ಬಿಳಿ ಕೋಟನ್ನೊಮ್ಮೆ, ಚಾಚಿದ ಕೈಗಳನ್ನೊಮ್ಮೆ ನೋಡಿದ. ಸಣ್ಣ ದನಿಯಲ್ಲಿ, "ಯಾರ ಹಲ್ಲು ಡಾಕ್ಟ್ರೇ ಅಷ್ಟು ಉದ್ದ?" ಎಂದ.

ಸಿಗದ ಸಾಮಾನನ್ನು ಮನೆಯಲ್ಲೇ ಹುಟ್ಟಿಸಬೇಕೆಂಬ ದಿವ್ಯಜ್ಞಾನ ಡಾಕ್ಟರಿಗೆ ದಾರಿಯಲ್ಲೇ ಆಯಿತು. ಮನೆಯಲ್ಲಿ ಉದ್ದವಾಗಿರುವ, ತೆಳ್ಳಗಿರುವ, ಕಬ್ಬಿಣದಿಂದಾದ ಪ್ರತಿಯೊಂದು ವಸ್ತುವಿಗೂ ಅಂದಿನಿಂದ ಶನಿ ಹಿಡಿಯಿತು.

ಮೊದಲು ಹೋದದ್ದು ಕೊಡೆ. ಅದರ ನಡುಕೋಲನ್ನು ಕಿತ್ತು, ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಅರದಿಂದ ಉಜ್ಜಿ ಹರಿತಗೊಳಿಸಿದರು. ಬೇರೊಂದು ಮರದ ತುಂಡಿನ ಮೇಲೆ ತಿರುಗಿಸಿದರೆ ಮರ ಅಲ್ಲಾಡಲಿಲ್ಲ. ಕೋಲು ಮಾತ್ರ ಹಗ್ಗದಂತೆ ಹುರಿಗೊಂಡಿತು. ಮರುದಿನ ಮಳೆ ಬಂತು. ಹೆಂಡತಿ ಕೊಡೆ ಬಿಚ್ಚಿದಳು. ಬಟ್ಟೆ ಮಾತ್ರ ತಲೆಯ ಮೇಲೆ ಬಿತ್ತು.

"ಕೋಲು ಎಲ್ರೀ?"

"ಸಂಶೋಧನೆಯಲ್ಲಿ ಹುತಾತ್ಮವಾಯಿತು."

ಆಮೇಲೆ ಪರದೆಯ ಸಲಾಕೆ. ಅದು ಕೊಳವೆ; ಬಾಯಿಗೆ ಗರಗಸದ ಹಾಗೆ ಹಲ್ಲು ಕೊರೆದರೆ ("ಹಲ್ಲು ಕೊರೆಯುವುದು ನನಗೆ ಬಿಟ್ಟು ಇನ್ಯಾರಿಗೆ ಗೊತ್ತು?") ಮರವನ್ನು ತಿನ್ನುತ್ತಾ ಹೋಗಬೇಕು. ಅದು ತಿಂದದ್ದೂ ನಿಜ. ಆದರೆ ತಿಂದದ್ದನ್ನೆಲ್ಲ ಹೊಟ್ಟೆಯೊಳಗೇ ತುಂಬಿಕೊಂಡು, ಅಜೀರ್ಣವಾಗಿ, ಬಿಸಿಯೇರಿ ಹೊಗೆ ಬಿಡತೊಡಗಿತು. ಪರದೆಗಳನ್ನು ಬ್ಯಾಂಡೇಜಿನ ಪಟ್ಟಿಯಿಂದ ಕಿಟಕಿಗೆ ಕಟ್ಟಬೇಕಾಯಿತು. ಮನೆಗೇ ಗಾಯವಾದಂತೆ ಕಾಣುತ್ತಿತ್ತು.

ಆಮೇಲೆ ಹೆಂಡತಿಯ ಸ್ವೆಟರ್ ಹೆಣೆಯುವ ಕಡ್ಡಿ. ಅದನ್ನು ಕೆಂಪಗೆ ಕಾಯಿಸಿ ಚುಚ್ಚಿದರೆ ಹೆಬ್ಬೆರಳಿನ ಉಗುರಿನಷ್ಟು ಆಳಕ್ಕೆ ಒಂದು ಕಪ್ಪು ಚುಕ್ಕೆಯಾಯಿತು. ಮನೆತುಂಬ ಕಮಟು ವಾಸನೆ. ಅಷ್ಟರಲ್ಲಿ ಸೋಫಾದ ಕಡೆಯಿಂದ ಒಂದು ಚೀತ್ಕಾರ ಕೇಳಿತು. ಕಡ್ಡಿ ಎಳೆದುಕೊಂಡದ್ದು ಅರ್ಧ ಹೆಣೆದಿದ್ದ ಸ್ವೆಟರಿನಿಂದ. ತೋಳೊಂದು ಪೂರ್ತಿ ಬಿಚ್ಚಿಹೋಗಿತ್ತು.

"ರೀ! ಇದು ನಿಮಗೇ ಹೆಣೀತಿದ್ದ ಸ್ವೆಟರು!"

"ಒಂದು ತೋಳು ಸಾಕು ಬಿಡೇ. ಇನ್ನೊಂದು ಕೈ ಯಾವಾಗ್ಲೂ ಕೆಲಸದಲ್ಲಿರುತ್ತೆ."

"ನಿಮ್ಮ ಜಾಣತನಕ್ಕೆ ಬೆಂಕಿ ಹಾಕ. ಕೊಡೆ ಹೋಯ್ತು, ಪರದೆ ಹೋಯ್ತು, ಸ್ವೆಟರ್ ಹೋಯ್ತು. ಈ ಸೋಫಾ ಬೇರೆ ಯಾಕೋ ಒಂದು ಕಡೆ ವಾಲ್ತಿದೆ, ಕೂತ್ರೆ ಕಿರ್ರ್ ಅನ್ನುತ್ತೆ. ಅದನ್ನಾದ್ರೂ ನೋಡಬಾರ್ದಾ?"

"ಒಂದು ಸಲಕ್ಕೆ ಒಂದು ರೋಗಿ. ಮೊದಲು ಬಂದೂಕು, ಆಮೇಲೆ ಸೋಫಾ."

ಹೆಂಡತಿ ಗೊಣಗುತ್ತಾ ಕ್ಲಿನಿಕ್ಕಿನ ಹಳೇ ಪತ್ರಿಕೆಗಳ ಕಟ್ಟೊಂದನ್ನು ತಂದು ಸೋಫಾದ ಕಾಲಿನ ಕೆಳಗೆ ತುರುಕಿದಳು.

ದಾರಿ ಸಿಕ್ಕಿದ್ದು ಸೈಕಲ್ ಷಾಪಿನಲ್ಲಿ. ಬಟ್ಟೆ ಒಣಗಿಸುವ ಸ್ಟ್ಯಾಂಡಿನಿಂದ ಒಂದು ಗಟ್ಟಿ ಸರಳನ್ನು ಬಿಚ್ಚಿಕೊಂಡು (ಒದ್ದೆ ಬಟ್ಟೆಗಳು ಆ ವಾರವೆಲ್ಲ ಕುರ್ಚಿಗಳ ಮೇಲೆ ಒಣಗಿದವು) ಡಾಕ್ಟರು ಅಲ್ಲಿಗೆ ಹೋದರು. ಹಾರ್ಡ್‌ವೇರ್ ಅಂಗಡಿಯಿಂದ ತಂದ ಗಿಡ್ಡ ಬಿಟ್ಟನ್ನು ಸರಳಿನ ತುದಿಗೆ ಬೆಸುಗೆ ಹಾಕಿಸಿ, ಇನ್ನೊಂದು ತುದಿಯನ್ನು ಕೈಯಲ್ಲಿ ತಿರುಗಿಸುವ ಹಳೇ ಬೈರಿಗೆಗೆ ಸಿಕ್ಕಿಸಿದರು. ಗೇಣಿಗಿಂತ ಉದ್ದದ ಆಯುಧ ಸಿದ್ಧವಾಯಿತು. ಅದನ್ನು ಹೆಗಲ ಮೇಲಿಟ್ಟುಕೊಂಡು ಅವರು ಬೀದಿಯಲ್ಲಿ ನಡೆದು ಬಂದ ಠೀವಿ ನೋಡಿದ್ದರೆ ಜನರಲ್ ಕೂಡ ಸೆಲ್ಯೂಟ್ ಹೊಡೆಯುತ್ತಿದ್ದರು.

ಕೊರೆಯುವಾಗ ಹಿಡಿ ಅಲುಗಾಡಬಾರದಲ್ಲ? ಅಲುಗಾಡದಂತೆ ಹಿಡಿದಿಡುವ ಸಾಧನ ಮನೆಯಲ್ಲೇ ಇತ್ತು. ಡಾಕ್ಟರು ಬಂದೂಕಿನ ಹಿಡಿಯನ್ನು ರೋಗಿಗಳ ಕುರ್ಚಿಯಲ್ಲಿ ಮಲಗಿಸಿ, ಪಟ್ಟಿಯಿಂದ ಬಿಗಿದು, ದೊಡ್ಡ ದೀಪ ಹಾಕಿದರು. ಹೆಂಡತಿ ಆ ಕಡೆಯಿಂದ ಅದುಮಿ ಹಿಡಿದಳು. ಹೊರಗಿನ ಬೆಂಚಿನ ಮೇಲೆ ಪಕ್ಕದ ಬೀದಿಯ ಬೇಕರಿಯವನು ಕೆನ್ನೆ ಊದಿಸಿಕೊಂಡು ಬಂದು ಕೂತದ್ದು ಇಬ್ಬರಿಗೂ ತಿಳಿಯಲಿಲ್ಲ. ಬಾಗಿಲಿನ ಪರದೆಯಾಚೆಯಿಂದ ಅವನಿಗೆ ಕೇಳಿಸಿದ್ದು ಇಷ್ಟು:

"ಗಟ್ಟಿಯಾಗಿ ಅದುಮಿ ಹಿಡ್ಕೊಳ್ಳೇ, ಜಾರ್ತಿದೆ!"

"ಇನ್ನೂ ಎಷ್ಟು ಆಳ ರೀ?"

"ಇದೀಗ ಅರ್ಧ ಗೇಣು. ಕೊರಳಿಗೆ ಬರೋವರೆಗೂ ನಿಲ್ಲಿಸೋ ಹಾಗಿಲ್ಲ!"

"ಹೊಗೆ ಬರ್ತಿದೆ!"

"ಬರಲಿ ಬಿಡು. ಎಣ್ಣೆ ಹುಯ್ಯಿ!"

ಕರಕರ ಸದ್ದು. ಆಮೇಲೆ ಡಾಕ್ಟರಮ್ಮನ ಕೂಗು: "ಅಯ್ಯಯ್ಯೋ, ಪಕ್ಕದಿಂದ ಹೊರಗೆ ಬಂತಲ್ರೀ!"

ಬೇಕರಿಯವನು ಚಪ್ಪಲಿ ಹಾಕಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಅವನ ಹಲ್ಲುನೋವು ಓಡುವ ದಾರಿಯಲ್ಲೇ ವಾಸಿಯಾಯಿತಂತೆ. ಅವನು ಬ್ರೆಡ್ಡಿನ ಜೊತೆ ಈ ಸುದ್ದಿಯನ್ನೂ ಮನೆಮನೆಗೆ ಹಂಚಿದ. ಆಮೇಲೆ ಕ್ಲಿನಿಕ್ಕಿನ ಕಡೆ ಒಂದು ನರಪಿಳ್ಳೆಯೂ ಸುಳಿಯಲಿಲ್ಲ.

ತೂತು ಪಕ್ಕದಿಂದ ಹೊರಬಂದದ್ದು ಮಾತ್ರ ನಿಜ. ನೆಟ್ಟಗೆ ಹೊರಟ ಸರಳು ಮರದ ಎಳೆಯ ಜೊತೆ ಸರಸವಾಡುತ್ತಾ ವಾಲಿ, ಅಷ್ಟು ಚೆಂದದ ಹಿಡಿಯ ಮಗ್ಗುಲಿಗೆ ಒಂದು ಕಿಟಕಿ ತೆರೆದಿತ್ತು. ಡಾಕ್ಟರು ಕುರ್ಚಿಯ ಪಕ್ಕ ನೆಲದ ಮೇಲೆ ಕುಸಿದು ಕೂತರು. ಅವರಿಗೆ ನಿಜವಾಗಿಯೂ ಅಳು ಬಂದಿತ್ತು. ಮಾವನ ಕೊಂಕು ಹಾಗಿರಲಿ, ಆ ಮುದುಕರು ವರ್ಷವಿಡೀ ಕಾಯುವುದು ಒಂದೇ ಒಂದು ಭಾನುವಾರಕ್ಕೆ. ಅದನ್ನು ತಾವು ಕೂತು ಮುರಿದೆವಲ್ಲ ಎಂಬ ಸಂಕಟ ಒಳಗೇ ಕೊರೆಯತೊಡಗಿತ್ತು. (ಅದೊಂದು ಮಾತ್ರ ನೆಟ್ಟಗೆ ಕೊರೆಯುತ್ತಿತ್ತು.)

ಗಂಡನ ಮುಖ ನೋಡಿ ಹೆಂಡತಿಯ ಸಿಟ್ಟೆಲ್ಲ ಇಳಿದುಹೋಯಿತು. "ಏಳಿ ರೀ. ತೂತು ಬಿದ್ದ ಹಲ್ಲು ಬಂದ್ರೆ ಹೀಗೇ ಅಳ್ತಾ ಕೂರ್ತೀರಾ? ಏನ್ ಮಾಡ್ತೀರಿ?"

"ತುಂಬ್ತೀನಿ."

"ಮತ್ತೆ ಇದನ್ನೂ ತುಂಬಿ."

ಡಾಕ್ಟರು ಕಣ್ಣೊರೆಸಿಕೊಂಡು ಎದ್ದು ಹಲ್ಲಿನ ಸಿಮೆಂಟು ಕಲಸಿದರು. ಹಲ್ಲಿನ ಬಣ್ಣಗಳ ಪಟ್ಟಿಯನ್ನು ಹಿಡಿಯ ಪಕ್ಕ ಹಿಡಿದು ನೋಡಿದರು. ಮುತ್ತಿನ ಬಿಳಿ, ಹಾಲಿನ ಬಿಳಿ, ದಂತದ ಬಿಳಿ, ಯಾವುದೂ ಹೊಂದಲಿಲ್ಲ. ಕಟ್ಟಕಡೆಗೆ, ಜೀವಮಾನವೆಲ್ಲ ಹೊಗೆಸೊಪ್ಪು ಅಗಿದವರಿಗೆಂದು ಇಟ್ಟಿದ್ದ ಬಣ್ಣ ಅಕ್ರೋಟು ಮರಕ್ಕೆ ತದ್ವತ್ ಕೂತಿತು. ತುಂಬಿ, ಉಜ್ಜಿ, ಹೊಳಪು ಕೊಟ್ಟ ಮೇಲೆ ಕಿಟಕಿ ಇದ್ದದ್ದು ಅವರಿಗೇ ಗೊತ್ತಾಗಲಿಲ್ಲ.

ಎರಡನೇ ಸಲ ಹೆಂಡತಿಯೇ ಹೇಳಿದಳು: "ಮಲಗಿಸಿ ಕೊರೆದ್ರೆ ತಾನೇ ವಾಲೋದು? ನೆಟ್ಟಗೆ ನಿಲ್ಲಿಸಿ ಕೊರೀರಿ. ಮೇಲಿಂದ ಒಂದು ದಾರ ಇಳಿಬಿಡಿ, ಅದನ್ನ ನೋಡ್ಕೊಂಡು ನಾನು ಹೇಳ್ತೀನಿ." ಕುರ್ಚಿಯ ಬೆನ್ನನ್ನು ನೆಟ್ಟಗೆ ಏರಿಸಿ ಹಿಡಿಯನ್ನು ಬುಡ ಮೇಲಾಗಿ ನಿಲ್ಲಿಸಿದರು. ಬಿಚ್ಚಿಹೋದ ಸ್ವೆಟರಿನ ಉಣ್ಣೆದಾರವನ್ನು ದೀಪದ ಕಂಬಕ್ಕೆ ಕಟ್ಟಿದರು. ಭಾರಕ್ಕೆ ಏನಾದರೂ ಬೇಕಲ್ಲ? ಮೇಜಿನ ಮೇಲೆ ಮಾದರಿಗೆಂದು ಇಟ್ಟಿದ್ದ ಹಲ್ಲುಸೆಟ್ಟು ದಾರದ ತುದಿಯಲ್ಲಿ ನೇತಾಡಿ, ಇಬ್ಬರನ್ನೂ ನೋಡಿ ನಕ್ಕಿತು.

"ಸರಳು ದಾರಕ್ಕೆ ಸರಿಯಾಗಿದೆಯಾ?"

"ಇಲ್ಲ. ಸ್ವಲ್ಪ ನಿಮ್ಮ ಕಡೆ ವಾಲಿದೆ. ಹಾಂ, ಸರಿ. ತಿರುಗಿಸಿ. ನಿಲ್ಸಿ, ನಿಲ್ಸಿ! ಹೊಟ್ಟು ತುಂಬಿದೆ."

ಪರದೆಯ ಸಲಾಕೆಯಿಂದ ಡಾಕ್ಟರು ಒಂದು ಪಾಠ ಕಲಿತಿದ್ದರು. ಈ ಸಲ ಸ್ವಲ್ಪ ಸ್ವಲ್ಪ ಕೊರೆದು ಸರಳು ಹೊರಗೆಳೆಯುವುದು, ಬಾಯಿಯ ಜೊಲ್ಲು ಹೀರುವ ಕೊಳವೆಯನ್ನು ತೂತಿಗೆ ಇಳಿಬಿಡುವುದು. ಅದು ಸೊರ್ರೆಂದು ಮರದ ಹೊಟ್ಟನ್ನೆಲ್ಲ ಹೀರಿಬಿಡುತ್ತಿತ್ತು. ಮತ್ತೆ ಸರಳು, ಮತ್ತೆ ಸೊರ್ರ್. ಶನಿವಾರ ಮಧ್ಯಾಹ್ನ ಬೈರಿಗೆ ಇದ್ದಕ್ಕಿದ್ದಂತೆ ಹಗುರವಾಯಿತು. ಸರಳಿನ ಮೂತಿ ಹಿಡಿಯ ಕೊರಳಿನ ನಟ್ಟನಡುವೆ ಇಣುಕಿ ನೋಡಿತು.

ಡಾಕ್ಟರು ಹಿಡಿಯನ್ನು ಬಿಚ್ಚಿ ಕಣ್ಣಿಗೆ ಹಿಡಿದರು. ಗೇಣುದ್ದದ ಕತ್ತಲೆಯ ಕೊನೆಯಲ್ಲಿ ದುಂಡಗೆ ಬೆಳಕು. ಆ ಬೆಳಕಿನಲ್ಲಿ ಒಂದು ಕಣ್ಣು. ಹೆಂಡತಿ ಆ ಕಡೆಯಿಂದ ನೋಡುತ್ತಿದ್ದಳು.

"ಕಾಣ್ತಿದೀನಾ?" ಎಂದಳು.

"ಕಾಣ್ತಿದೀಯ. ಕಾಡಿಗೆ ಹಚ್ಚಿದೀಯ."

"ದಿನಾ ಹಚ್ತೀನಿ. ನಿಮಗೆ ಕಾಣೋಕೆ ಇಷ್ಟು ದೊಡ್ಡ ತೂತು ಬೇಕಾಯ್ತು."

ಡಾಕ್ಟರಿಗೆ ತುಂಬ ಸಂತೋಷವಾಯಿತು. ಹೆಂಡತಿಯನ್ನು ಅಷ್ಟು ಗಮನವಿಟ್ಟು ನೋಡಿ ಎಷ್ಟೋ ಕಾಲವಾಗಿತ್ತು. ಇಬ್ಬರೂ ಹಾಗೇ ಸ್ವಲ್ಪ ಹೊತ್ತು ಆ ತೂತಿನೊಳಗಿಂದ ಒಬ್ಬರನ್ನೊಬ್ಬರು ನೋಡುತ್ತಾ ನಗುತ್ತಾ ನಿಂತಿದ್ದರು.

ಭಾನುವಾರ ಬೆಳಿಗ್ಗೆ ಕೊನೆಯ ಜೋಡಣೆ. ಬೋಲ್ಟು ತೂತಿನೊಳಗೆ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು. ಡಾಕ್ಟರು ತಿರುಗಿಸಿದರು. ಕಬ್ಬಿಣ ಕಚ್ಚಲಿಲ್ಲ. ಇನ್ನಷ್ಟು ತಿರುಗಿಸಿದರು. ಬೋಲ್ಟು ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ದೀಪ ಹಿಡಿದು ನೋಡಿದರೆ ಕಬ್ಬಿಣದ ಭಾಗದಲ್ಲಿ ಬೋಲ್ಟು ಹೊಗಲು ತೂತೇ ಇರಲಿಲ್ಲ.

"ಅದರ ನಾಳಾನೂ ಮುಚ್ಚಿಹೋಯ್ತಾ ರೀ?" ಎಂದಳು ಹೆಂಡತಿ.

ಡಾಕ್ಟರು ಬೆವರೊರೆಸಿಕೊಳ್ಳುವಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಜನರಲ್, ಕೈ ಮೇಲೆತ್ತಿಕೊಂಡು. ಮಗಳಿಗೆ ಇಂದು ತಪಾಸಣೆಯ ನೆನಪೇ ಇರಲಿಲ್ಲ. ಇಸ್ತ್ರಿ ಮಾಡಿದ ಕೋಟು, ತೀಡಿದ ಮೀಸೆ, ಕಣ್ಣಲ್ಲಿ ಪರೀಕ್ಷೆಗೆ ಹೊರಟವರ ಸಂಭ್ರಮ. "ಎಲ್ಲಿ ನನ್ನ ಮಗು?"

ಡಾಕ್ಟರು ಎರಡು ಹೆಜ್ಜೆ ಮುಂದೆ ಬಂದರು. ರಾತ್ರಿಯಿಡೀ ತಯಾರಿಸಿದ್ದ ಸುಳ್ಳೆಲ್ಲ ಆ ಮುಖ ನೋಡಿ ಮರೆತೇಹೋಯಿತು. "ಮಾವ, ನಾನು ಅದರ ಮೇಲೆ ಕೂತುಬಿಟ್ಟೆ. ಮುರಿದುಹೋಯ್ತು. ಹೊಸ ಹಿಡಿ ನಾನೇ ಮಾಡಿದೆ. ಆದ್ರೆ ಕೂರ್ತಿಲ್ಲ. ತಪ್ಪಾಯ್ತು."

ಜನರಲ್ ಹತ್ತಿರ ಬಂದರು. ಹೊಸ ಹಿಡಿಯನ್ನು ಎತ್ತಿಕೊಂಡು ಹೆಗಲಿಗೆ ಆನಿಸಿದರು. ಕೆನ್ನೆ ಒತ್ತಿದರು. ಇಳಿಸಿ, ಮತ್ತೆ ಆನಿಸಿದರು. ಮೀಸೆಯ ಒಂದು ತುದಿ ಮೇಲೆದ್ದಿತು.

"ಇದನ್ನ ಕೆತ್ತಿದ್ದು ನೀವಾ?"

"ಹೌದು."

"ಹಳೇದು ಯಾವತ್ತೂ ಹೀಗೆ ಕೂತಿರಲಿಲ್ಲ. ನಮ್ಮಪ್ಪನ ತೋಳು ಉದ್ದ, ನನ್ನದು ಗಿಡ್ಡ." ಅಷ್ಟರಲ್ಲಿ ಬುಡದ ತೂತು ಕಂಡಿತು. "ಇದೇನಿದು, ಇಲಿ ಬಿಲ?"

"ಬೋಲ್ಟಿಗೆ, ಮಾವ."

"ಯಾವ ಬೋಲ್ಟು? ಈ ಬಂದೂಕಿಗೆ ಹುಟ್ಟಿದಾಗಿಂದ ಎರಡೇ ತಿರುಪು. ಮೇಲೊಂದು, ಕೆಳಗೊಂದು."

ಹೆಂಡತಿ ಗಂಡನ ಕಡೆ ನೋಡಿದಳು. ಗಂಡ ಗೋಡೆಯ ಕಡೆ ನೋಡಿದರು. ಜನರಲ್ ಬೋಲ್ಟನ್ನು ಕೈಗೆ ತೆಗೆದುಕೊಂಡು, "ಹಾಗಾದ್ರೆ ಇದು ಎಲ್ಲಿಂದ ಬಂತು?" ಎನ್ನುತ್ತಾ ಯೋಚನೆ ಮಾಡಲು ಸೋಫಾದ ಮೇಲೆ ತಮ್ಮ ಪೂರ್ತಿ ತೂಕದೊಂದಿಗೆ ಕೂತರು.

ಕಿರ್ರ್ ಎಂದಿತು. ಪತ್ರಿಕೆಗಳ ಕಟ್ಟು ಜಾರಿತು. ಧಡಾರ್!

ಧ್ವಜದಂತೆ ಮೇಲೆತ್ತಿ ಹಿಡಿದ ಬೋಲ್ಟೊಂದನ್ನು ಬಿಟ್ಟರೆ ಜನರಲ್ ಪೂರ್ತಿ ನೆಲಕ್ಕಿಳಿದಿದ್ದರು. ಮಲಗಿದಲ್ಲಿಂದಲೇ ಅವರು ಕಳಚಿ ಬಿದ್ದ ಸೋಫಾದ ಚೌಕಟ್ಟನ್ನು ನೋಡಿದರು. ಅಲ್ಲಿ ಒಂದು ಖಾಲಿ ತೂತಿತ್ತು. ಬೋಲ್ಟನ್ನು ಅದಕ್ಕೆ ಇಟ್ಟು ತಳ್ಳಿದರು. ಅದು ತವರುಮನೆಗೆ ಬಂದ ಮಗಳಂತೆ ಸಲೀಸಾಗಿ ಒಳಗೆ ಹೋಯಿತು.

ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಗಲು ಶುರುಮಾಡಿದವಳು ನಿಲ್ಲಿಸಲಾರದೆ ನೆಲದ ಮೇಲೆ ಅಪ್ಪನ ಪಕ್ಕದಲ್ಲೇ ಕೂತುಬಿಟ್ಟಳು. "ಮುಚ್ಚಿಹೋದ ನಾಳ, ಅಪ್ಪಾ! ಮುಚ್ಚಿಹೋದ ನಾಳ!" ಎಂದು ಹೇಳಿ ಮತ್ತೆ ನಕ್ಕಳು. ಜನರಲ್ಲಿಗೆ ಏನೂ ಅರ್ಥವಾಗದಿದ್ದರೂ ಅವರ ಹೊಟ್ಟೆಯೂ ಕುಣಿಯತೊಡಗಿತು. ಕಡೆಗೆ ಡಾಕ್ಟರೂ ನಕ್ಕರು. ಬೇರೆ ದಾರಿ ಇರಲಿಲ್ಲ.

ಜನರಲ್ ಎದ್ದು, ತಿರುಪುಳಿಯಿಂದ ಅಲಂಕಾರದ ಎರಡೂ ತಿರುಪುಗಳನ್ನು ಬಿಗಿದರು. ಒಂದು ಲೋಟ ಕಾಫಿ ಆರುವುದರೊಳಗೆ ಬಂದೂಕು ಸಿದ್ಧ. ಡಾಕ್ಟರು ಅಪರಾಧಿ ದನಿಯಲ್ಲಿ, "ಆ ತೂತನ್ನ ಸಿಮೆಂಟ್ ಹಾಕಿ ಮುಚ್ಚಿಬಿಡ್ತೀನಿ ಮಾವ" ಎಂದರು. ಜನರಲ್ ಕಿರುಬೆರಳನ್ನು ತೂತಿನೊಳಗಿಟ್ಟು ಅಗಲ ನೋಡಿ, ಏನನ್ನೋ ಲೆಕ್ಕ ಹಾಕಿ, "ಬೇಡ, ಇರಲಿ ಬಿಡಿ. ಔಷಧಿ ಸೀಸೆಯದೊಂದು ಬೆಂಡಿನ ಬಿರಡೆ ಇದ್ರೆ ಕೊಡಿ" ಎಂದರು. ಯಾಕೆಂದು ಕೇಳುವ ಧೈರ್ಯ ಅಂದು ಯಾರಿಗೂ ಇರಲಿಲ್ಲ.

ಸ್ಪರ್ಧೆ ನೋಡಲು ಮಗಳು, ಅಳಿಯನೂ ಹೋದರು. ಅಲ್ಲಿ ಜನರಲ್ ಪ್ರತಿ ಸುತ್ತು ಮುಗಿದು ಬಂದೂಕು ಬರಿದಾದ ಮೇಲೆ ಮರೆಗೆ ಹೋಗಿ, ಬುಡವನ್ನು ಅಂಗೈ ಮೇಲೆ ಕುಟ್ಟಿ, ಮೀಸೆ ಒರೆಸಿಕೊಂಡು ಬರುತ್ತಿದ್ದರು. ಅವರ ಕೈ ಆ ದಿನ ಒಂದು ಸಲವೂ ನಡುಗಲಿಲ್ಲ. ಮೊದಲನೇ ಬಹುಮಾನ ಬಂತು. ಕಪ್ಪು ಎತ್ತಿಕೊಂಡು ಅವರು ಕ್ಲಬ್ಬಿನವರ ಮುಂದೆ ಭಾಷಣ ಬಿಗಿದರು.

"ಇಷ್ಟು ವರ್ಷ ಎರಡನೇ ಬಹುಮಾನ ಯಾಕೆ ಬರ್ತಿತ್ತು ಗೊತ್ತಾ? ಬಾಯಿ ಖಾಲಿ ಇದ್ರೆ ನನ್ನ ಕೈ ನಡುಗುತ್ತೆ. ನೋಡಿ ಇಲ್ಲಿ!" ಎಂದು ಹಿಡಿಯ ಬುಡದ ಬಿರಡೆ ಕಿತ್ತು ಅಲ್ಲಾಡಿಸಿದರು. ಅಂಗೈಗೆ ಒಂದರ ಹಿಂದೊಂದು ಪೆಪ್ಪರ್‌ಮಿಂಟ್ ಉದುರಿದವು. "ನನ್ನ ಅಳಿಯ ಹಲ್ಲಿನ ಡಾಕ್ಟ್ರು. ತಿನ್ನಬೇಡಿ ಅಂತ ಬಾಯಲ್ಲಿ ಹೇಳ್ತಾರೆ. ಆದ್ರೆ ಮನಸ್ಸು ನೋಡಿ, ಇಡೋಕೆ ಜಾಗಾನ ತಮ್ಮ ಕೈಯಾರೆ ಕೊರೆದುಕೊಟ್ಟಿದಾರೆ. ಇನ್ನು ಮೇಲೆ ಯಾರೂ ಅವರನ್ನ ಸಾಸಿವೆ ಡಾಕ್ಟ್ರು ಅನ್ನಬಾರದು. ಇದು ಜನರಲ್ ಆರ್ಡರ್!" ಚಪ್ಪಾಳೆಯ ನಡುವೆ ಡಾಕ್ಟರ ಮುಖ ಕೆಂಪಗಾಗಿತ್ತು. ಹೆಮ್ಮೆಗೋ ನಾಚಿಕೆಗೋ ಅವರಿಗೇ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರು ಕ್ಲಿನಿಕ್ಕಿನ ಬಾಗಿಲು ತೆರೆದರೆ ಬೆಂಚು ಭರ್ತಿ! ಬೇಕರಿಯವನು ಊರೆಲ್ಲ ಹೆದರಿಸಿದ ಮೇಲೆ ನರಪಿಳ್ಳೆಯಿಲ್ಲದ ಜಾಗದಲ್ಲಿ ಇಂದು ಹಿರಿಯರೆಲ್ಲ ಸಾಲಾಗಿ ಕೂತಿದ್ದರು. ಎಲ್ಲರೂ ಕ್ಲಬ್ಬಿನವರೇ. ಮಾವನ ಭಾಷಣದ ಮಹಿಮೆ! ಡಾಕ್ಟರು ಒಳಗೆ ಇಣುಕಿ, "ಲೇ, ಬಿಸಿನೀರಿಡು, ಇವತ್ತು ಕೈತುಂಬ ಕೆಲಸ" ಎಂದು ಕೂಗಿ, ಮೊದಲನೆಯವರನ್ನು ಕೈಹಿಡಿದು ಒಳಗೆ ಕರೆದುಕೊಂಡರು.

ಹಿರಿಯರು ನಮಸ್ಕಾರ ಎಂದು ನಕ್ಕೊಡನೆ ಡಾಕ್ಟರ ಕಣ್ಣು ಅರಳಿತು. "ಓಹೋ, ಬಲಗಡೆ ದವಡೆಹಲ್ಲು ಪೂರ್ತಿ ಹುಳುಕಾಗಿದೆ. ಪಕ್ಕದ್ದೂ ಅಲ್ಲಾಡ್ತಿದೆ. ಕೂತ್ಕೊಳ್ಳಿ, ಕೂತ್ಕೊಳ್ಳಿ."

ಹಿರಿಯರು ಗಬಕ್ಕನೆ ಬಾಯಿ ಮುಚ್ಚಿಕೊಂಡರು. "ಅಯ್ಯೋ, ಹಲ್ಲಿಗೆ ನಾನು ಬೇರೆ ಡಾಕ್ಟ್ರ ಹತ್ರ ಹೋಗ್ತೀನಪ್ಪ. ಅವರ ಕೈ ಹಗುರ." ಕಂಕುಳಲ್ಲಿದ್ದ ಬಟ್ಟೆಯ ಗಂಟು ಬಿಚ್ಚಿ ಒಂದು ಮರದ ಹಿಡಿಯನ್ನು ಹೊರತೆಗೆದರು. "ನನಗೂ ಜನರಲ್ಲಿಗೆ ಮಾಡಿಕೊಟ್ಟಂಥದ್ದೇ ಒಂದು ತೂತು ಬೇಕು. ಸ್ವಲ್ಪ ಅಗಲ ಇರಲಿ, ನನ್ನದು ದಪ್ಪ ಪೆಪ್ಪರ್‌ಮಿಂಟು."

ಡಾಕ್ಟರು ಹೊರಗೆ ಇಣುಕಿದರು. ಬೆಂಚಿನ ಮೇಲಿದ್ದ ಪ್ರತಿಯೊಬ್ಬರ ಕಂಕುಳಲ್ಲೂ ಉದ್ದನೆಯದೊಂದು ಗಂಟಿತ್ತು. ಅಷ್ಟರಲ್ಲಿ ಹೆಂಡತಿ ಬಿಸಿನೀರು ತಂದು, ಒಂದೇ ನೋಟಕ್ಕೆ ಎಲ್ಲ ಅರ್ಥಮಾಡಿಕೊಂಡು, ಒಳಗೆ ಹೋಗಿ ಬೈರಿಗೆ, ಉಣ್ಣೆದಾರ ಮತ್ತು ಹಲ್ಲುಸೆಟ್ಟನ್ನು ತಂದು ಮೇಜಿನ ಮೇಲಿಟ್ಟಳು.

ಡಾಕ್ಟರು ನಿಟ್ಟುಸಿರುಬಿಟ್ಟು ಹಿಡಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಅದರ ಕೊರಳಿಗೆ ಬಿಳಿ ಬಟ್ಟೆ ಕಟ್ಟಿದರು. ದೊಡ್ಡ ದೀಪವನ್ನು ಅದರ ಮುಖಕ್ಕೆ ತಿರುಗಿಸಿ, ಅಭ್ಯಾಸಬಲದಿಂದ ಮೃದುವಾಗಿ ಹೇಳಿದರು:

"ಹೆದರ್ಕೋಬೇಡಿ. ಸ್ವಲ್ಪ ಬಾಯಿ ತೆಗೀರಿ."